ಕಳ್ಳನು ಬರಿಗೈಯಲ್ಲಿ ಮರಳಿದ ಮೇಲೆ



ಊರು ಕೊಳ್ಳೆ ಹೋದಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕಳೆದುಕೊಂಡವರ ಅಜಾಗರೂಕತೆಯನ್ನು ಹಾಸ್ಯಮಾಡುವುದಕ್ಕಾಗಿ ಹುಟ್ಟಿದ ಮಾತು ಅದು. ಆದರೆ ಊರು ಕೊಳ್ಳೆ ಹೋಗದೆ, ಕೊಳ್ಳೆಗಾರರು ಕೋಟೆಯ ಬಾಗಿಲನ್ನು ಒಂದು ಸಲ ಅಲುಗಿಸಿ ನೋಡಿ ಹಿಂದಿರುಗಿದ ಪಕ್ಷದಲ್ಲಿ ಊರಿನವರು ಮಾಡತಕ್ಕದ್ದೇನು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಈ ದಿನದ ನಮ್ಮ ವಿಷಯ ಅದೇ. ಕಳ್ಳತನವಾದ ಮನೆಯವರಿಗೆ ದುಃಖವುಂಟು. ಕಳ್ಳತನವಾಗದ ಮನೆಯವರಿಗೆ ನಿಶ್ಚಿಂತೆಯುಂಟು. ಕಳ್ಳತನದ ಪ್ರಯತ್ನ ಮಾತ್ರ ನಡೆದ ಮನೆಯವರ ಸ್ಥಿತಿ ಇವೆರಡಕ್ಕೂ ನಡುವಣದು. ಅವರಿಗೆ ಒಂದು ಅವಕಾಶವುಂಟು. ಅದನ್ನು ಬಳಸಿಕೊಳ್ಳುವ ಬಗೆಯನ್ನು ವಿಚಾರಮಾಡೋಣ.

ಕೆಲವು ಕಾಲದ ಹಿಂದೆ ಮೈಸೂರಿನ ನಮ್ಮ ಮನೆಯಲ್ಲಿ ನಡೆದ ಸಂಗತಿಯಿಂದಲೇ ತೊಡಗುತ್ತೇವೆ. ಬೆಳಗಿನ ಜಾವದಲ್ಲಿ ಹಾಲಿಗೆಂದು ಬಾಗಿಲು ತೆರೆದಾಗ, ರಾತ್ರಿ ಗೋಡೆಯ ಮಗ್ಗುಲಲ್ಲಿ ನಿಲ್ಲಿಸಿದ್ದ ಸ್ಕೂಟರು ಗೇಟಿನ ಬಳಿಗೆ ಬಂದು ನಿಂತಿತ್ತು. ಎಡಕ್ಕೆ ತಿರುಗಿಸಿ ಬೀಗ ಹಾಕಿದ್ದ ಹ್ಯಾಂಡಲು ನೆಟ್ಟಗಾಗಿತ್ತು. ಕೀಲಿ ಹಾಕುವ ರಂಧ್ರದ ಸುತ್ತ ಹೊಸದಾಗಿ ಗೀರಿದ ಗುರುತುಗಳಿದ್ದುವು. ಬೀದಿಯ ನಾಯಿಗಳು ಬೊಗಳಿದುವೋ, ಎದುರುಮನೆಯವರು ದೀಪ ಹಾಕಿದರೋ, ಅಂತೂ ಕಳ್ಳನು ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದನು. ಮನೆಯ ಹಿರಿಯರು, “ದೇವರು ದೊಡ್ಡವನು, ಗಾಡಿ ಉಳಿಯಿತಲ್ಲ, ಇನ್ನು ಆ ಮಾತು ಬಿಡಿ” ಎಂದರು. ಕಿರಿಯರು ನಾಲ್ಕು ದಿಕ್ಕಿಗೂ ಕ್ಯಾಮರಾ ಹಾಕಿಸಬೇಕೆಂದರು. ಗೇಟಿನ ಮುಂದೆ ಸೇರಿದ್ದ ನೆರೆಯವರಲ್ಲೊಬ್ಬರು ಧ್ವನಿ ತಗ್ಗಿಸಿ, ಬೆಳಿಗ್ಗೆ ಕಾರು ತೊಳೆಯಲು ಬರುವ ಹುಡುಗನ ಮೇಲೆ ಕಣ್ಣಿಡಿ ಎಂದರು. ಇಂಥ ಪ್ರಸಂಗ ನಡೆದ ಯಾವ ಮನೆಯಲ್ಲಿಯೂ ಈ ಮೂರು ಮಾತುಗಳು ಹೊರಡುವುವು: ಮರೆತುಬಿಡುವುದು, ಹೆದರಿ ಹಣ ಚೆಲ್ಲುವುದು, ಕೈಗೆ ಸಿಕ್ಕಿದವರನ್ನು ಶಂಕಿಸುವುದು. ಈ ಮೂರರಲ್ಲಿ ಯಾವುದೂ ಸರಿಯಾದ ದಾರಿಯಲ್ಲವೆಂದೇ ನಮ್ಮ ಅಭಿಪ್ರಾಯ.

ವಿಫಲವಾದ ಕಳ್ಳತನವೆಂಬುದು ಮೊದಲನೆಯದಾಗಿ ಒಂದು ಸುದ್ದಿ. ನಮ್ಮ ಮನೆಯ ಯಾವ ಭಾಗ ದುರ್ಬಲವೆಂಬುದನ್ನು, ಆ ವಿದ್ಯೆಯಲ್ಲಿ ನುರಿತವನೊಬ್ಬನು ಬಂದು ಪರೀಕ್ಷಿಸಿ, ಗುರುತು ಹಾಕಿ, ಏನನ್ನೂ ಒಯ್ಯದೆ ಹೋಗಿದ್ದಾನೆ. ಈ ಸುದ್ದಿಯ ಬೆಲೆಯನ್ನು ಅರಿತು ಬೀಗವನ್ನೇ ಹಾಗೆ ನಿರ್ಮಿಸಿದವರುಂಟು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ 1817ರಲ್ಲಿ ಕಳ್ಳಕೀಲಿಯ ಸಹಾಯದಿಂದ ಕಳ್ಳತನವಾಯಿತು. ಅಲ್ಲಿಯ ಸರ್ಕಾರವು, ತನ್ನ ಕೀಲಿಗಲ್ಲದೆ ಬೇರೊಂದಕ್ಕೆ ತೆರೆಯದ ಬೀಗವನ್ನು ಮಾಡಿದವರಿಗೆ ಬಹುಮಾನವೆಂದು ಸಾರಿತು. ಜೆರಮಯ ಚಬ್ ಎಂಬಾತನು 1818ರಲ್ಲಿ ಅಂಥದೊಂದು ಬೀಗಕ್ಕೆ ಹಕ್ಕು ಪಡೆದನು. ಅದರ ವಿಶೇಷವೇನೆಂದರೆ, ಯಾರಾದರೂ ಸುಳ್ಳು ಕೀಲಿಯಿಂದ ಅದನ್ನು ಕೆಣಕಿದಲ್ಲಿ ಒಳಗಿನ ಒಂದು ಸನ್ನೆ ಸಿಕ್ಕಿಕೊಂಡು ಬೀಗವು ಬಿಗಿದುಕೊಳ್ಳುತ್ತಿತ್ತು. ಒಡೆಯನು ಬಂದು ತನ್ನ ನಿಜವಾದ ಕೀಲಿಯನ್ನು ಹಾಕಿದಾಗ ಅದು ಕೂಡಲೆ ತಿರುಗುತ್ತಿರಲಿಲ್ಲ. ಅದರಿಂದ ಆತನಿಗೆ, ತಾನಿಲ್ಲದಾಗ ಇಲ್ಲಿ ಯಾರೋ ಕೈಯಾಡಿಸಿದ್ದಾರೆಂಬುದು ತಿಳಿಯುತ್ತಿತ್ತು. ತಡೆಯುವುದಷ್ಟೇ ಅಲ್ಲ, ತಿಳಿಸುವುದೂ ಬೀಗದ ಧರ್ಮವೆಂದು ಆ ಕುಶಲಿಯು ಕಂಡುಕೊಂಡಿದ್ದನು. ಮುರಿದ ಹ್ಯಾಂಡಲ್ ಬೀಗವೂ, ಬಾಗಿಲಿನ ಚಿಲಕದ ಬಳಿ ಸನ್ನೆಕೋಲು ಒತ್ತಿದ ಗುರುತೂ ನಮಗೆ ಹೇಳುವುದು ಅದನ್ನೇ.

ಆ ಕಥೆಯ ಮುಂದಿನ ಭಾಗವೂ ನಮಗೆ ಪಾಠವಾಗತಕ್ಕದ್ದು. 1851ರಲ್ಲಿ ಲಂಡನ್ ನಗರದಲ್ಲಿ ಮಹಾಪ್ರದರ್ಶನ ನಡೆದಾಗ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗದ ಕುಶಲಿಯು ಅಲ್ಲಿಗೆ ಬಂದನು. ಚಬ್ಬನ ಬೀಗವನ್ನು ಆತನು ಸುಮಾರು 25 ನಿಮಿಷಗಳಲ್ಲಿ ತೆರೆದನು. ಜೋಸೆಫ್ ಬ್ರಾಮನ ಹೆಸರಿನ ಇನ್ನೊಂದು ಬೀಗವು, ತೆರೆದವರಿಗೆ 200 ಗಿನಿಗಳೆಂಬ ಸವಾಲಿನೊಡನೆ ಸುಮಾರು ಅರವತ್ತು ವರ್ಷಗಳಿಂದ ಅಂಗಡಿಯ ಕಿಟಕಿಯಲ್ಲಿ ಇದ್ದಿತು. ಅದನ್ನೂ ಆತನು 16 ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆ ದುಡಿದು ತೆರೆದನು. ಜನರು ಗಾಬರಿಯಾದರು, ತೆರೆಯಲಾಗದ ಬೀಗವೇ ಇಲ್ಲವೆಂದಾಯಿತಲ್ಲ ಎಂದರು. ಆದರೆ ಈ ಸಂಗತಿಯಿಂದ ಹೊರಡುವ ನಿಜವಾದ ಅರ್ಥ ಬೇರೆ. ಹಾಬ್ಸನಿಗೆ ಬೆಳಕಿತ್ತು, ಕುರ್ಚಿಯಿತ್ತು, ಉಪಕರಣಗಳಿದ್ದುವು, ಯಾರ ಭಯವೂ ಇರಲಿಲ್ಲ. ನಮ್ಮ ಬೀದಿಯ ಕಳ್ಳನಿಗೆ 51 ಗಂಟೆಗಳಿಲ್ಲ. ಅನೇಕ ವೇಳೆ ಐದು ನಿಮಿಷಗಳೂ ಇರವು. ಆದಕಾರಣ ಬೀಗವು ಕಳ್ಳತನವನ್ನು ಅಸಾಧ್ಯಮಾಡುವ ವಸ್ತುವಲ್ಲ. ಕಳ್ಳನ ಕಾಲವನ್ನು ತಿನ್ನುವ ವಸ್ತು. ಅವನ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಬೇಕು, ಹೆಚ್ಚು ಸದ್ದಾಗಬೇಕು, ಹೆಚ್ಚು ಮಂದಿಯ ಕಣ್ಣಿಗೆ ಬೀಳಬೇಕು. ಗೃಹರಕ್ಷಣೆಯ ಶಾಸ್ತ್ರವೆಲ್ಲ ಈ ಮೂರು ಮಾತುಗಳಲ್ಲಿ ಅಡಗಿದೆ.

ಇನ್ನು, ಒಮ್ಮೆ ಬಂದ ಕಳ್ಳನು ಮತ್ತೆ ಬರುವನೆ? ಸೋತುಹೋದವನು ಇತ್ತ ತಲೆಹಾಕಲಾರನೆಂದು ನಾವು ಸಮಾಧಾನ ಹೇಳಿಕೊಳ್ಳುವುದುಂಟು. ಅನುಭವವು ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಸಮೀಪದ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಎಂಬ ಬಡಾವಣೆಯಲ್ಲಿ 1980ರ ದಶಕದ ನಡುವೆ ಕನ್ನಗಳವು ಬಹಳ ಹೆಚ್ಚಾಗಿತ್ತು. ಅಲ್ಲಿ ವಿಚಾರಣೆ ನಡೆಸಿದವರಿಗೆ, ಒಮ್ಮೆ ಕಳ್ಳತನಕ್ಕೆ ಗುರಿಯಾದ ಮನೆಯು ಇತರ ಮನೆಗಳಿಗಿಂತ ಸುಮಾರು ನಾಲ್ಕು ಪಾಲು ಹೆಚ್ಚಾಗಿ ಮತ್ತೆ ಗುರಿಯಾಗುವುದೆಂಬುದು ಕಂಡುಬಂದಿತು. ಅನಂತರ ಬೇರೆ ಕಡೆಗಳಲ್ಲಿ ನಡೆದ ವಿಚಾರಣೆಗಳೂ ಇದನ್ನು ಸಮರ್ಥಿಸಿ, ಎರಡನೆಯ ಪ್ರಯತ್ನವು ಸಾಮಾನ್ಯವಾಗಿ ಬೇಗನೆ, ಕೆಲವು ವಾರಗಳೊಳಗೇ ನಡೆಯುವುದೆಂದು ತೋರಿಸಿದುವು. ಕಾರಣ ಸ್ಪಷ್ಟವಾಗಿಯೇ ಇದೆ. ಹೊಸ ಮನೆಯನ್ನು ನೋಡಿ ಅರಿಯುವ ಶ್ರಮ ಅವನಿಗೆ ಇಲ್ಲಿ ಇಲ್ಲ. ಗೇಟು ಕಿರುಗುಟ್ಟುವುದೋ ಇಲ್ಲವೋ, ನಾಯಿ ಎಲ್ಲಿ ಮಲಗುವುದು, ದೀಪ ಎಷ್ಟು ಹೊತ್ತಿಗೆ ಆರುವುದು, ಇವೆಲ್ಲ ಅವನಿಗೆ ತಿಳಿದಿವೆ. ಹ್ಯಾಂಡಲ್ ಬೀಗವಂತೂ ಆಗಲೇ ಮುರಿದಿದೆ. ಉಳಿದಿರುವುದು ತಳ್ಳಿಕೊಂಡು ಹೋಗುವ ಕೆಲಸ ಮಾತ್ರ. ಆದಕಾರಣ ಪ್ರಯತ್ನ ನಡೆದ ದಿನವೇ ದುರಸ್ತಿಗೆ ತೊಡಗತಕ್ಕದ್ದು. ಬರುವ ತಿಂಗಳ ಸಂಬಳ ಬರಲೆಂದು ಮುರಿದ ಬೀಗದ ಗಾಡಿಯನ್ನು ಅದೇ ಜಾಗದಲ್ಲಿ ನಿಲ್ಲಿಸುವುದು ಕಳ್ಳನನ್ನು ಕೂಗಿ ಕರೆದಂತೆ.

ಈಗ ಕ್ರಮವಾಗಿ, ಮೊದಲ ಗಂಟೆಯಲ್ಲಿ ಮಾಡಬೇಕಾದುದನ್ನು ಹೇಳುತ್ತೇವೆ. ಗುರುತುಗಳನ್ನು ಒರಸಕೂಡದು, ಗಾಡಿಯನ್ನು ಮೊದಲಿನ ಜಾಗಕ್ಕೆ ಎಳೆಯಕೂಡದು. ಕೈಯಲ್ಲಿರುವ ಮೊಬೈಲಿನಿಂದಲೇ ಚಿತ್ರಗಳನ್ನು ತೆಗೆದುಕೊಳ್ಳಬೇಕು. ಬಳಿಕ ಪೋಲೀಸರಿಗೆ ತಿಳಿಸಬೇಕು. ಏನೂ ಹೋಗಲಿಲ್ಲವಲ್ಲ, ದೂರು ಏತಕ್ಕೆ ಎಂಬ ಸಂಕೋಚ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ ಕಳ್ಳತನಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವುಂಟು. ವಾಸದ ಮನೆಯಲ್ಲಿ ಮಾಡಿದ ಕಳ್ಳತನಕ್ಕೂ, ಜನರನ್ನು ಅಥವಾ ಸರಕನ್ನು ಸಾಗಿಸುವ ವಾಹನದ ಕಳ್ಳತನಕ್ಕೂ 305ನೆಯ ಕಲಮು ಏಳು ವರ್ಷಗಳವರೆಗೆ ಶಿಕ್ಷೆಯನ್ನು ವಿಧಿಸುತ್ತದೆ. ಪ್ರಯತ್ನವೂ ಅಪರಾಧವೇ, 62ನೆಯ ಕಲಮಿನಂತೆ ಅದಕ್ಕೆ ಪೂರ್ಣ ಅಪರಾಧದ ಗರಿಷ್ಠ ಸೆರೆವಾಸದ ಅರ್ಧದವರೆಗೆ ಶಿಕ್ಷೆಯಾಗಬಹುದು. ಮೇಲಾಗಿ, ಒಂದೇ ಬಡಾವಣೆಯಲ್ಲಿ ವಾರಕ್ಕೊಂದು ಪ್ರಯತ್ನ ನಡೆಯುತ್ತಿದೆಯೆಂಬುದು ಠಾಣೆಯವರಿಗೆ ತಿಳಿಯುವುದು ಇಂಥ ದೂರುಗಳಿಂದಲೇ. ಹತ್ತು ಮನೆಯವರು ಸುಮ್ಮನಿದ್ದರೆ ಗಸ್ತು ಎತ್ತ ತಿರುಗಬೇಕೆಂಬುದು ಯಾರಿಗೂ ಗೊತ್ತಾಗದು.

ದೂರನ್ನು ದಾಖಲಿಸುವ ಬಗೆಯಲ್ಲಿಯೂ ನಾಗರಿಕರಿಗೆ ಕೆಲವು ಹಕ್ಕುಗಳಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಮೇರೆಗೆ, ಅಪರಾಧ ಯಾವ ಠಾಣೆಯ ಎಲ್ಲೆಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ವಿದ್ಯುನ್ಮಾನ ಮಾರ್ಗದಿಂದಲೂ ಕಳುಹಿಸಬಹುದು. ಹಾಗೆ ಕಳುಹಿಸಿದಲ್ಲಿ ಮೂರು ದಿನಗಳೊಳಗೆ ಹೋಗಿ ರುಜು ಹಾಕಬೇಕು. ದಾಖಲಾದ ವರದಿಯ ಪ್ರತಿಯನ್ನು ದೂರುಗಾರನಿಗೆ ಬಿಟ್ಟಿಯಾಗಿ ಕೊಡತಕ್ಕದ್ದು. ಆ ಪ್ರತಿಯನ್ನು ಜೋಪಾನವಾಗಿಡಬೇಕು. ಗಾಡಿಗೆ ಆದ ನಷ್ಟವನ್ನು ವಿಮೆಯವರಿಂದ ಕೇಳುವಾಗಲೂ, ಮುಂದೊಮ್ಮೆ ಗಾಡಿಯೇ ಹೋದಾಗಲೂ ಅದು ಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಮೂರನೆಯವರಿಗೆ ಆಗುವ ಹಾನಿಯನ್ನು ಮಾತ್ರ ಭರಿಸುವ ವಿಮೆಯಿಂದ ಕಳ್ಳತನಕ್ಕೆ ಪರಿಹಾರ ದೊರೆಯದು. ಕಡ್ಡಾಯವೆಂದು ಅದೊಂದನ್ನೇ ಮಾಡಿಸಿ ನೆಮ್ಮದಿಯಾಗಿರುವವರು ನಮ್ಮಲ್ಲಿ ಬಹುಮಂದಿ. ಇರುವ ಎರಡು ಕೀಲಿಗಳನ್ನೂ ಕಾಪಾಡಿಕೊಂಡಿರಬೇಕು; ಗಾಡಿ ಹೋದಾಗ ವಿಮೆಯವರು ಮೊದಲು ಕೇಳುವುದು ಅವನ್ನೇ. ಠಾಣೆಗೆ ತಡಮಾಡದೆ ದೂರು ಕೊಟ್ಟಿದ್ದು, ವಿಮೆಯವರಿಗೆ ತಿಳಿಸುವುದು ಮಾತ್ರ ತಡವಾದರೆ, ಅದೊಂದೇ ಕಾರಣದಿಂದ ಪರಿಹಾರವನ್ನು ನಿರಾಕರಿಸಕೂಡದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ. ಹಾಗೆಂದು ತಡಮಾಡುವುದು ಜಾಣತನವಲ್ಲ.

ಕಳ್ಳನು ಕೆಲಸದಲ್ಲಿ ತೊಡಗಿರುವಾಗಲೇ ನಮಗೆ ಎಚ್ಚರವಾದರೆ ಏನು ಮಾಡಬೇಕು? ಶೌರ್ಯವು ಮೆಚ್ಚತಕ್ಕ ಗುಣವೇ ಆದರೂ, ಕತ್ತಲೆಯಲ್ಲಿ ಒಬ್ಬನೇ ಬಾಗಿಲು ತೆರೆದುಕೊಂಡು ಹೊರಗೆ ಓಡುವುದು ಶೌರ್ಯವಲ್ಲ. ಹೊರಗೆ ಎಷ್ಟು ಜನರಿದ್ದಾರೆ, ಅವರ ಕೈಯಲ್ಲಿ ಏನಿದೆ ಎಂಬುದು ನಮಗೆ ತಿಳಿಯದು. ಒಳಗಿದ್ದೇ ಎಲ್ಲ ದೀಪಗಳನ್ನೂ ಹಾಕಬೇಕು, ಗಟ್ಟಿಯಾಗಿ ಕೂಗಬೇಕು, ನೆರೆಯವರನ್ನು ಎಬ್ಬಿಸಬೇಕು, 112ಕ್ಕೆ ಕರೆಮಾಡಬೇಕು. ಆಸ್ತಿಯ ರಕ್ಷಣೆಗಾಗಿ ಬಲಪ್ರಯೋಗ ಮಾಡುವ ಹಕ್ಕು ಕಾನೂನಿನಲ್ಲಿ ಉಂಟು. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಇಲ್ಲ. ಕಣ್ಣೆದುರಿನಲ್ಲಿ ಜಾಮೀನಿಲ್ಲದ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕನೂ ಹಿಡಿಯಬಹುದು. ಹಿಡಿದವನನ್ನು ಅನವಶ್ಯಕವಾಗಿ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಗಳೊಳಗೆ, ಪೋಲೀಸರಿಗೆ ಒಪ್ಪಿಸಬೇಕು. ದೀಪದ ಕಂಬಕ್ಕೆ ಕಟ್ಟಿ ಹೊಡೆಯುವ ಅಧಿಕಾರವನ್ನು ಯಾವ ಕಾನೂನೂ ಯಾರಿಗೂ ಕೊಟ್ಟಿಲ್ಲ. ಸ್ಕೂಟರಿನ ಬೆಲೆ ಎಷ್ಟೇ ಆಗಿರಲಿ, ಅದಕ್ಕಾಗಿ ಒಬ್ಬನ ಪ್ರಾಣ ಹೋದರೆ, ರಾತ್ರಿ ಕಳ್ಳನಾಗಿದ್ದವನು ಅವನು. ಬೆಳಗಾಗುವಷ್ಟರಲ್ಲಿ ಕೊಲೆಗಡುಕರಾಗಿರುವವರು ನಾವು.

ಇನ್ನು ವಾಹನದ ವಿಚಾರ. ಹ್ಯಾಂಡಲ್ ಬೀಗವೆಂಬುದು, ಕೀಲಿಯನ್ನು ತಿರುಗಿಸಿದಾಗ ಮುಂದಕ್ಕೆ ಸರಿದು ಹ್ಯಾಂಡಲಿನ ದಂಡದಲ್ಲಿ ಕೂರುವ ಒಂದು ಚಿಕ್ಕ ಗೂಟ. ಅದನ್ನು ಹಿಡಿದಿರುವ ಗೂಡು ಅನೇಕ ಗಾಡಿಗಳಲ್ಲಿ ಎರಕದ ಲೋಹದ್ದು. ಉದ್ದನೆಯ ಹ್ಯಾಂಡಲೇ ಸನ್ನೆಕೋಲಿನಂತೆ ವರ್ತಿಸುವುದರಿಂದ, ಬಲವಾಗಿ ಒತ್ತಿದಾಗ ಗೂಟವೋ ಗೂಡೋ ಮುರಿಯುತ್ತದೆ. ಹಳೆಯ ಗಾಡಿಗಳಲ್ಲಿ ಕೀಲಿಯೂ ಬೀಗವೂ ಸವೆದು, ಬೇರೊಂದು ಕೀಲಿಗೂ ತಿರುಗುವುದುಂಟು. ಆದಕಾರಣ ಗಾಡಿಯಲ್ಲೇ ಬಂದ ಬೀಗವೊಂದನ್ನೇ ನಂಬಕೂಡದು. ಗಟ್ಟಿಯಾದ ಸರಪಣಿಯಿಂದ ಗಾಡಿಯ ಚೌಕಟ್ಟನ್ನು ನೆಲದಲ್ಲಿಯೋ ಗೋಡೆಯಲ್ಲಿಯೋ ಸಿಮೆಂಟಿನಿಂದ ಹೂಳಿದ ಕಬ್ಬಿಣದ ಬಳೆಗೆ ಬಿಗಿಯುವುದು ಉತ್ತಮ. ಚಕ್ರವೊಂದನ್ನೇ ಕಟ್ಟಿದರೆ ಗಾಡಿಯನ್ನು ಎತ್ತಿ ಒಯ್ಯಬಹುದು. ಸರಪಣಿಯು ನೆಲಕ್ಕೆ ತಾಗಿ ಬಿದ್ದಿದ್ದರೆ ಅದನ್ನು ನೆಲಕ್ಕೆ ಒತ್ತಿ ಕತ್ತರಿಸುವುದು ಸುಲಭ. ಬಿಗಿಯಾಗಿ, ನೆಲದಿಂದ ಮೇಲೆ ಇರಬೇಕು. ಮುಂದಿನ ಚಕ್ರದ ತಟ್ಟೆಗೆ ಹಾಕುವ ಬೀಗವೂ ಉಪಯುಕ್ತವೇ. ಮರೆತು ಗಾಡಿ ಹೊರಡಿಸಿ ಬೀಳದಂತೆ ಹ್ಯಾಂಡಲಿಗೆ ಬಣ್ಣದ ದಾರವೊಂದನ್ನು ಕಟ್ಟಿಕೊಳ್ಳಬೇಕು. ಗಾಡಿ ಇರುವ ತಾಣವನ್ನು ಮೊಬೈಲಿಗೆ ತಿಳಿಸುವ ಯಂತ್ರಗಳು ಕಳ್ಳತನವನ್ನು ತಡೆಯವು. ಹೋದ ಗಾಡಿಯನ್ನು ಹುಡುಕಲು ನೆರವಾಗುತ್ತವೆ. ಈ ಎರಡು ಕೆಲಸಗಳನ್ನು ಒಂದೇ ಎಂದು ಭಾವಿಸಕೂಡದು.

ಇಂಥ ಸಣ್ಣ ಅಡ್ಡಿಗಳಿಂದ ಕಳ್ಳತನ ಕಡಮೆಯಾಗುವುದೆ, ಇಲ್ಲವೆ ಕಳ್ಳನು ಪಕ್ಕದ ಮನೆಗೆ ಹೋಗುವನೆ ಎಂದು ಕೇಳಬಹುದು. ಎರಡೂ ನಡೆಯುವುದುಂಟು. ಪಶ್ಚಿಮ ಜರ್ಮನಿಯಲ್ಲಿ 1960ರ ದಶಕದ ಆರಂಭದಲ್ಲಿ ಹಳೆಯದು ಹೊಸದು ಎನ್ನದೆ ಎಲ್ಲ ಕಾರುಗಳಿಗೂ ಚುಕ್ಕಾಣಿಯ ಬೀಗವನ್ನು ಕಡ್ಡಾಯಮಾಡಿದರು. ಕಾರುಗಳ ಕಳವು ಇಳಿಯಿತು. ಬ್ರಿಟನ್ನಿನಲ್ಲಿ 1971ರಲ್ಲಿ ಹೊಸ ಕಾರುಗಳಿಗೆ ಮಾತ್ರ ಕಡ್ಡಾಯಮಾಡಿದರು. ಕಳ್ಳರು ಹಳೆಯ ಕಾರುಗಳತ್ತ ತಿರುಗಿದರು. ಅರ್ಧಕ್ಕೆ ಹಾಕಿದ ಬೇಲಿಯ ಕಥೆ ಇದು. ಆದರೆ ಇನ್ನೊಂದು ಸಂಗತಿ ಅಚ್ಚರಿಗೊಳಿಸತಕ್ಕದ್ದು. 1980ರಲ್ಲಿ ಪಶ್ಚಿಮ ಜರ್ಮನಿಯವರು, ತಲೆಗವಸಿಲ್ಲದೆ ಮೋಟಾರು ಸೈಕಲ್ ಏರಿದವರಿಗೆ ಅಲ್ಲಿಯೇ ದಂಡ ಹಾಕತೊಡಗಿದರು. ಅದು ತಲೆಯ ರಕ್ಷಣೆಗಾಗಿ ಮಾಡಿದ ಕಟ್ಟಳೆ. ಆದರೆ ಆ ವರ್ಷ ಸುಮಾರು ಒಂದೂವರೆ ಲಕ್ಷದಷ್ಟಿದ್ದ ಮೋಟಾರು ಸೈಕಲ್ ಕಳವುಗಳು 1986ರ ವೇಳೆಗೆ ಸುಮಾರು 54 ಸಾವಿರಕ್ಕೆ ಇಳಿದುವು. ದಾರಿಯಲ್ಲಿ ಸುಮ್ಮನೆ ಕಂಡ ಗಾಡಿಯನ್ನು ಕದ್ದೊಯ್ಯುವವನ ಬಳಿ ತಲೆಗವಸು ಇರುತ್ತಿರಲಿಲ್ಲ. ಬರಿದಲೆಯಲ್ಲಿ ಹೋದರೆ ಪೋಲೀಸರು ತಡೆಯುತ್ತಿದ್ದರು. ಅಷ್ಟು ಮಂದಿ ಕಳ್ಳರೂ ಕಾರುಗಳ ಮೇಲೆ ಬಿದ್ದರೆಂದು ಕಾಣಲಿಲ್ಲ. ಇದರಿಂದ ತಿಳಿಯುವುದೇನು? ಕಳ್ಳತನದ ಒಂದು ದೊಡ್ಡ ಪಾಲು ದೃಢಸಂಕಲ್ಪದಿಂದ ಹುಟ್ಟಿದುದಲ್ಲ, ಅನುಕೂಲದಿಂದ ಹುಟ್ಟಿದುದು. ಅನುಕೂಲವನ್ನು ತೆಗೆದರೆ ಆ ಪಾಲು ಇಲ್ಲವಾಗುತ್ತದೆ.

ಕಾರುಗಳಲ್ಲಿ ಈಗ ಕೀಲಿಯೊಳಗಿನ ಸಂಕೇತವನ್ನು ಗುರುತಿಸದೆ ಎಂಜಿನ್ ಹೊರಡದಂತೆ ತಡೆಯುವ ಏರ್ಪಾಡುಂಟು. ಬ್ರಿಟನ್ನಿನಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಆದರೆ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತಾನೇ ತೆರೆಯುವುದೆಂಬ ಕೀಲಿಗಳಲ್ಲಿ ಒಂದು ದೋಷವಿದೆ. ಮನೆಯೊಳಗೆ ಮೇಜಿನ ಮೇಲಿಟ್ಟ ಕೀಲಿಯ ಸಂಕೇತವನ್ನು ಹೊರಗಿನಿಂದ ಯಂತ್ರದ ಮೂಲಕ ಸೆಳೆದು ಕಾರಿಗೆ ಮುಟ್ಟಿಸುವ ಕಳ್ಳರಿದ್ದಾರೆ. ಅಂಥ ಕೀಲಿಯನ್ನು ಬಾಗಿಲಿನಿಂದ ದೂರದಲ್ಲಿ, ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿ ಇಡುವುದು ಸುಲಭವಾದ ಉಪಾಯ. ಯಾವ ಕೀಲಿಯೇ ಆಗಲಿ, ಹಜಾರದ ಗೋಡೆಯ ಮೊಳೆಗೆ, ಕಿಟಕಿಯಿಂದ ಕೈಗೆ ಎಟಕುವಂತೆ ನೇತುಹಾಕುವ ನಮ್ಮ ರೂಢಿಯನ್ನು ಬಿಡಬೇಕು. ಗಾಡಿಯ ಚಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಒಂದು ಕಾಗದದಲ್ಲಿ ಬರೆದು ಮನೆಯೊಳಗಿಡಬೇಕು. ಗಾಡಿಯ ಕಾಗದಪತ್ರಗಳನ್ನೆಲ್ಲ ಅದರ ಪೆಟ್ಟಿಗೆಯಲ್ಲೇ ತುಂಬಿಡುವವರು, ಗಾಡಿಯ ಜೊತೆಗೆ ಅದರ ಗುರುತನ್ನೂ ಕಳ್ಳನಿಗೆ ಒಪ್ಪಿಸುತ್ತಾರೆ.

ಮನೆಯ ವಿಷಯಕ್ಕೆ ಬರೋಣ. ನಮ್ಮ ಹಿರಿಯರ ಮನೆಗಳಲ್ಲಿ ತಲೆಬಾಗಿಲಿಗೆ ಅಗಳಿಯಿರುತ್ತಿತ್ತು. ಗೋಡೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಯುವ ಆ ಮರದ ತೊಲೆಯು, ಹೊರಗಿನ ತಳ್ಳುವಿಕೆಯನ್ನೆಲ್ಲ ಗೋಡೆಗೇ ಹಂಚುತ್ತಿತ್ತು. ಇಂದಿನ ಮನೆಗಳಲ್ಲಿ ಬೆಲೆಯುಳ್ಳ ಬೀಗವುಂಟು. ಅದರ ನಾಲಗೆಯನ್ನು ಹಿಡಿದುಕೊಳ್ಳುವ ತಗಡಾದರೋ ಅರ್ಧ ಅಂಗುಲದ ಎರಡು ತಿರುಪುಮೊಳೆಗಳಿಂದ ಮೆತ್ತನೆಯ ಮರಕ್ಕೆ ಅಂಟಿಕೊಂಡಿರುತ್ತದೆ. ಕಳ್ಳನು ಬೀಗವನ್ನು ಮುಟ್ಟುವುದೇ ಇಲ್ಲ. ಸನ್ನೆಕೋಲು ಹಾಕಿ ತಗಡನ್ನು ಕೀಳುತ್ತಾನೆ. ಬೀಗವನ್ನು ಬದಲಾಯಿಸುವುದಕ್ಕಿಂತ ಮೊದಲು ಬಡಗಿಯನ್ನು ಕರೆಸಿ, ಆ ತಗಡಿಗೂ ಕೀಲುಗಳಿಗೂ ಬಾಗಿಲ ಚೌಕಟ್ಟನ್ನು ದಾಟಿ ಗೋಡೆಯವರೆಗೆ ಹೋಗುವ ಉದ್ದನೆಯ ಮೊಳೆಗಳನ್ನು ಹಾಕಿಸಬೇಕು. ಬಾಗಿಲಿನ ಮೇಲೊಂದು ಕೆಳಗೊಂದು ಒಳಚಿಲಕವಿರಲಿ. ಹೊರಗಿನಿಂದ ಬೀಗ ಹಾಕುವ ಕೊಂಡಿಯ ಮೊಳೆಗಳು ಕಣ್ಣಿಗೆ ಕಾಣುವಂತಿದ್ದರೆ, ಬೀಗ ಎಷ್ಟು ದೊಡ್ಡದಾದರೂ ವ್ಯರ್ಥ. ಅಲೀಗಢದ ಬೀಗವಾಗಲಿ, 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ದಿಂಡಿಗಲ್ಲಿನ ಬೀಗವಾಗಲಿ, ತನ್ನನ್ನು ಹೊತ್ತಿರುವ ಕೊಂಡಿಗಿಂತ ಗಟ್ಟಿಯಾಗಿರಲಾರದು.

ಮುಂಬಾಗಿಲಿಗೆ ಕೊಡುವ ಗಮನವನ್ನು ನಾವು ಹಿತ್ತಿಲ ಬಾಗಿಲಿಗೆ ಕೊಡುವುದಿಲ್ಲ. ಅಲ್ಲಿ ಹಳೆಯ ಹಲಗೆ, ತುಕ್ಕು ಹಿಡಿದ ಚಿಲಕ, ಗೋಡೆಗೆ ಒರಗಿಸಿದ ಏಣಿ. ಕಳ್ಳನು ಏಣಿಯನ್ನು ಹೊತ್ತು ತರಬೇಕಾದುದಿಲ್ಲ, ನಾವೇ ಒದಗಿಸಿರುತ್ತೇವೆ. ಗುದ್ದಲಿ, ಹಾರೆ, ಏಣಿ ಇವು ಮನೆಯೊಳಗೆ ಇರಬೇಕು. ಅಂಗಳದ ಬೇಲಿಗಿಡಗಳು ಎದೆಮಟ್ಟಕ್ಕಿಂತ ಕೆಳಗಿದ್ದರೆ ಬೀದಿಯವರ ಕಣ್ಣು ಒಳಗೆ ಬೀಳುತ್ತದೆ; ಆಳೆತ್ತರ ಬೆಳೆದರೆ ಮರೆ ಸಿಕ್ಕುವುದು ನಮಗಲ್ಲ, ಕಳ್ಳನಿಗೆ. ಯಾರಾದರೂ ಸುಳಿದಾಗ ತಾನೇ ಹತ್ತುವ ದೀಪವೊಂದನ್ನು ಗಾಡಿ ನಿಲ್ಲಿಸುವ ಜಾಗಕ್ಕೆ ಹಾಕಿಸುವುದು, ಕಡಮೆ ಖರ್ಚಿನಲ್ಲಿ ಹೆಚ್ಚು ಪ್ರಯೋಜನ ಕೊಡುವ ಕೆಲಸ. ಕ್ಯಾಮರಾಗಳನ್ನು ನಾವು ಹಳಿಯುವುದಿಲ್ಲ. ವಾಹನ ನಿಲ್ದಾಣಗಳಲ್ಲಿ ಅವುಗಳಿಂದ ಕಳವು ಕಡಮೆಯಾದುದು ವಿಚಾರಣೆಗಳಿಂದ ತಿಳಿದಿದೆ. ಆದರೆ ಕ್ಯಾಮರಾ ನೋಡುತ್ತದೆ, ಹಿಡಿಯುವುದಿಲ್ಲ. ಬಾಗಿಲನ್ನು ಭದ್ರಪಡಿಸದೆ ಕ್ಯಾಮರಾ ಹಾಕಿಸಿದವರಿಗೆ, ತಮ್ಮ ಗಾಡಿ ಹೇಗೆ ಹೋಯಿತೆಂಬುದನ್ನು ಮರುದಿನ ನೋಡುವ ಭಾಗ್ಯವಷ್ಟೇ ದೊರೆಯುವುದು.

ಊರಿಗೆ ಹೋದಾಗ ಮನೆಯು ತಾನು ಬರಿದಾಗಿರುವುದನ್ನು ಬೀದಿಗೆ ಸಾರಬಾರದು. ಮೂರು ದಿನದ ಪತ್ರಿಕೆಗಳು ಗೇಟಿನಲ್ಲಿ ಬಿದ್ದಿರುವುದು ಒಂದು ಗುರುತು. ನಮ್ಮ ಕಡೆ ಅದಕ್ಕಿಂತ ಸ್ಪಷ್ಟವಾದ ಇನ್ನೊಂದು ಗುರುತುಂಟು: ಸಾಲುಮನೆಗಳ ಮುಂದೆಲ್ಲ ಬೆಳಿಗ್ಗೆ ರಂಗೋಲಿ ಇದ್ದು, ಒಂದು ಹೊಸ್ತಿಲು ಮಾತ್ರ ಬೋಳಾಗಿದ್ದರೆ, ಆ ಮನೆಯವರು ಊರಿನಲ್ಲಿಲ್ಲವೆಂದು ಬೋರ್ಡು ಹಾಕಬೇಕಾದುದಿಲ್ಲ. ಪಕ್ಕದ ಮನೆಯಾಕೆಗೆ ಹೇಳಿ ಎರಡೆಳೆ ರಂಗೋಲಿ ಹಾಕಿಸಿದರೆ ಆಯಿತು. ಠಾಣೆಗೆ ಮುಂಚಿತವಾಗಿ ತಿಳಿಸಿಹೋಗುವುದೂ ಒಳ್ಳೆಯದು.

ಇಲ್ಲಿಗೆ ನಾವು ನೆರೆಹೊರೆಯ ವಿಚಾರಕ್ಕೆ ಬಂದೆವು. ಹಿಂದೆ ಹೇಳಿದ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ ಮಾಡಿದ ಕೆಲಸ ಇಷ್ಟೇ. ಕಳ್ಳತನವಾದ ಮನೆಯ ಬಾಗಿಲು ಕಿಟಕಿಗಳನ್ನು ಕೂಡಲೆ ಭದ್ರಪಡಿಸಿದರು. ಮನೆಗಳಲ್ಲಿದ್ದ ನಾಣ್ಯ ಹಾಕುವ ಮೀಟರುಗಳನ್ನು ತೆಗೆಸಿದರು. ಆ ಮನೆಯ ಸುತ್ತಲಿನ ಐದಾರು ಮನೆಯವರನ್ನು ಕಂಡು, ಕೆಲವು ವಾರಗಳ ಕಾಲ ಇತ್ತ ಒಂದು ಕಣ್ಣಿಡಿ ಎಂದು ಕೇಳಿಕೊಂಡರು. ಮೊದಲ ಐದು ತಿಂಗಳಲ್ಲಿ ಕನ್ನಗಳವು ನೂರಕ್ಕೆ 60ರಷ್ಟು, ಮೂರು ವರ್ಷಗಳಲ್ಲಿ ನೂರಕ್ಕೆ 75ರಷ್ಟು ಇಳಿಯಿತು. ಇಡೀ ಊರಿಗೆ ಕಾವಲು ಹಾಕಲಿಲ್ಲ. ಪೆಟ್ಟು ಬಿದ್ದ ಮನೆಗೆ ನೆರೆಯವರ ಕಣ್ಣುಗಳನ್ನು ಹೊದಿಸಿದರು. ಇದಕ್ಕೆ ಹಣ ಬೇಡ, ಯಂತ್ರ ಬೇಡ. ಪಕ್ಕದ ಮನೆಯವರ ಹೆಸರೂ ಅವರ ಫೋನ್ ಸಂಖ್ಯೆಯೂ ಗೊತ್ತಿದ್ದರೆ ಸಾಕು. ಇಂದಿನ ನಮ್ಮ ನಗರಗಳಲ್ಲಿ ಅದೇ ದುರ್ಲಭವಾಗುತ್ತಿದೆ.

ಆದರೆ ಕಣ್ಣಿಡುವುದು ಬೇರೆ, ಶಂಕಿಸುವುದು ಬೇರೆ. ಕಾರು ತೊಳೆಯುವ ಹುಡುಗನ ಮಾತನ್ನು ಮೊದಲೇ ಹೇಳಿದೆವು. ಆ ಬೆಳಿಗ್ಗೆ ಆತನು ಎಂದಿನಂತೆ ಬಕೆಟ್ಟು ಹಿಡಿದು ಬಂದಾಗ, ಗೇಟಿನ ಮುಂದೆ ಗುಂಪು ಮಾತು ನಿಲ್ಲಿಸಿ ಅವನನ್ನೇ ನೋಡಿತು. ನಾವೂ ಆ ಗುಂಪಿನಲ್ಲಿ ಇದ್ದೆವು. ಏನನ್ನೂ ಹೇಳಲಿಲ್ಲ, ಹೇಳದಿದ್ದುದೇ ತಪ್ಪಾಯಿತು. ಮರುದಿನದಿಂದ ಅವನು ನಮ್ಮ ಬೀದಿಗೆ ಬರಲಿಲ್ಲ. ಹಿಂದಿನ ರಾತ್ರಿ ಅವನು ತಾಯಿಯ ಔಷಧೋಪಚಾರಕ್ಕಾಗಿ ಆಸ್ಪತ್ರೆಯಲ್ಲಿ ಕುಳಿತಿದ್ದನೆಂಬುದು ಎಂಟು ದಿನಗಳ ಮೇಲೆ ತಿಳಿಯಿತು. ಆ ವೇಳೆಗೆ ನಾಲ್ಕು ಮನೆಗಳ ಕೆಲಸ ಅವನ ಕೈಬಿಟ್ಟಿತ್ತು. ಕಳ್ಳನು ನಮ್ಮ ಮನೆಯಿಂದ ಏನನ್ನೂ ಒಯ್ಯಲಿಲ್ಲವೆಂದು ನಾವು ಹೇಳಿಕೊಳ್ಳುತ್ತಿದ್ದೆವು. ಒಬ್ಬ ಬಡ ಹುಡುಗನ ಅನ್ನವನ್ನು ಒಯ್ದವರು ಯಾರು? ಅವನಿರುವಲ್ಲಿಗೆ ಹೋಗಿ ಕರೆತಂದೆವು, ಬಂದನು, ಆದರೆ ಕಾರು ತೊಳೆಯುವಾಗ ಹಾಡು ಗುನುಗುವ ಅವನ ಅಭ್ಯಾಸ ಹಿಂದಿರುಗಲಿಲ್ಲ. ಪುರಾವೆಯಿಲ್ಲದ ಹೆಸರನ್ನು ಪೋಲೀಸರ ಮುಂದಾಗಲಿ, ನೆರೆಯವರ ಮುಂದಾಗಲಿ, ಮೊಬೈಲಿನ ಗುಂಪುಗಳಲ್ಲಾಗಲಿ ಆಡಕೂಡದೆಂಬುದು ನಾವು ಅಂದು ಕಲಿತ ನಿಯಮ. ಕಂಡದ್ದನ್ನು ಹೇಳಬೇಕು, ಊಹಿಸಿದ್ದನ್ನಲ್ಲ.

ಯೋಚಿಸಿ ನೋಡಿದರೆ ಶಂಕೆಯೂ ಭದ್ರವಿಲ್ಲದ ಬಾಗಿಲಿನಿಂದಲೇ ಹುಟ್ಟುತ್ತದೆ. ಚಿಲಕ ಸಡಿಲವಾಗಿರುವ ಮನೆಯವರಿಗೆ ಬೀದಿಯಲ್ಲಿ ಹೋಗುವವರೆಲ್ಲ ಕಳ್ಳರಾಗಿ ಕಾಣುವರು. ಅಗಳಿ ಗಟ್ಟಿಯಾಗಿರುವ ಮನೆಯವರು ಬಾಗಿಲು ತೆರೆದು ನಾಲ್ಕು ಜನರನ್ನು ನಗುಮುಖದಿಂದ ಮಾತನಾಡಿಸಬಲ್ಲರು. ಗೃಹರಕ್ಷಣೆಯ ಉದ್ದೇಶ ಮನೆಯನ್ನು ಸೆರೆಮನೆಯಾಗಿ ಮಾಡುವುದಲ್ಲ. ನಿದ್ರೆಯನ್ನೂ ನೆರೆಯವರ ಮೇಲಣ ವಿಶ್ವಾಸವನ್ನೂ ಉಳಿಸಿಕೊಳ್ಳುವುದು.

ಹೇಳಿದುದನ್ನು ಸಂಗ್ರಹಿಸಿ ಮುಗಿಸುತ್ತೇವೆ. ಕಳ್ಳನು ಬರಿಗೈಯಲ್ಲಿ ಹೋದರೆ ಅಂದೇ ದೂರು ಕೊಡಿ, ಅವನು ಮುಟ್ಟಿದ ಜಾಗವನ್ನು ಅಂದೇ ಸರಿಪಡಿಸಿ, ಗಾಡಿಗೆ ಎರಡನೆಯ ಬೀಗವನ್ನೂ, ಅದು ನಿಲ್ಲುವ ಜಾಗಕ್ಕೆ ದೀಪವನ್ನೂ ಒದಗಿಸಿ, ಐದಾರು ನೆರೆಮನೆಗಳವರಿಗೆ ತಿಳಿಸಿ, ಕಾಣದುದನ್ನು ಆಡಬೇಡಿ. ನಮ್ಮ ಸ್ಕೂಟರಿಗೆ ಅಂದು ಸಂಜೆಯೇ ಸರಪಣಿ ಬಂದಿತು, ಮರುದಿನ ದೀಪ ಬಂದಿತು. ಹನ್ನೆರಡನೆಯ ರಾತ್ರಿ ಎರಡು ಗಂಟೆಯ ವೇಳೆಗೆ ಆ ದೀಪ ತಾನಾಗಿ ಹತ್ತಿತು; ಗೇಟಿನ ಬಳಿ ಯಾರೋ ಓಡಿದ ಸಪ್ಪಳವಾಯಿತು; ಬೆಳಿಗ್ಗೆ ನೋಡಿದಾಗ ಸರಪಣಿಯು ಹಾಕಿದಂತೆಯೇ ಇತ್ತು. ಬೆಕ್ಕೂ ಇದ್ದೀತೆಂದು ಮನೆಯ ಹಿರಿಯರು ಹೇಳಿದರು. ಇದ್ದರೂ ಇರಬಹುದು. ಊರು ಕೊಳ್ಳೆ ಹೋಗುವ ಮೊದಲೇ ಕೋಟೆಯ ಬಾಗಿಲು ಹಾಕಿದವರಿಗೆ, ಹೊರಗೆ ಬಂದವರು ಯಾರೆಂಬುದು ತಿಳಿಯದೆಯೇ ಹೋಗಬಹುದು. ಅದರಿಂದ ಯಾವ ನಷ್ಟವೂ ಇಲ್ಲ.